ರಾಜ್ಯಶಾಸ್ತ್ರದಾಗ ಅಂತರಶಿಸ್ತೀಯ ಪಿಎಚ್‌ಡಿ: ಕೊಪ್ಪಳ, ರಾಯಚೂರು, ಬಳ್ಳಾರಿ ಕಡೆ ಹುಡುಗ ಹುಡುಗಿಯರಿಗೆ ಅರ್ಜಿಯಿಂದ ವೈವಾ ತನಕ

ಎಂಎ ರಿಸಲ್ಟ್ ಬಂದ ವಾರದಾಗ ನನಗ ಫೋನ್ ಬರಾಕ ಶುರು ಆಗ್ತಾವ. ಎಲ್ಲಾರೂ ಕೇಳೋ ಮೊದಲನೇ ಮಾತು ಅರ್ಜಿ ಯಾವಾಗ ಬಿಡ್ತಾರ್ರೀ ಸರ್ ಅಂತ, ಎರಡನೇದು ಫೀಸ್ ಎಷ್ಟು ಅಂತ. ಯಾವ ಪ್ರಶ್ನೆ ಮ್ಯಾಲೆ ಕೆಲಸ ಮಾಡ್ಬೇಕಂತೀಯಪಾ ಅಂತ ನಾ ತಿರುಗಿ ಕೇಳಿದ್ರ ಆ ಕಡೆ ಫೋನ್ ಸುಮ್ಮನಾಗ್ತೈತಿ. ಅದಕ್ಕ ಒಮ್ಮೆ ಕುಂತು ಎಲ್ಲಾ ಬರೆದುಬಿಡೋಣ ಅಂತ ಇದನ್ನ ಬರೀತಿದ್ದೀನಿ. ನಂದು ಕಾರಟಗಿ ಕಡೆ ಊರು, ರಾಜ್ಯಶಾಸ್ತ್ರದಾಗ ಎಂಎ, ಡಿಗ್ರಿ ಕಾಲೇಜಿನ್ಯಾಗ ಪಾಠ ಹೇಳ್ಕೋಂತ ಪಾರ್ಟ್‌ಟೈಮ್ ಆಗಿ ತುಂಗಭದ್ರಾ ಎಡದಂಡೆ ಕಾಲುವಿ ನೀರಿನ ರಾಜಕೀಯದ ಮ್ಯಾಲೆ ಪಿಎಚ್‌ಡಿ ಮುಗಿಸೀನಿ. ನಾ ಅನುಭವಿಸಿ ಕಲಿತದ್ದು ನಿಮಗ ಮೊದಲೇ ಗೊತ್ತಿದ್ರ ಒಂದೆರಡು ವರ್ಷ ಉಳೀತಾವ.

ಅಂತರಶಿಸ್ತೀಯ ಅಂದ್ರ ಎರಡು ಸಬ್ಜೆಕ್ಟ್ ಕೂಡಿಸೋದಲ್ಲ

ಭಾಳ ಮಂದಿ "ರಾಜ್ಯಶಾಸ್ತ್ರ ಪ್ಲಸ್ ಸಮಾಜಶಾಸ್ತ್ರ" ಅಂತ ಟೈಟಲ್‌ನ್ಯಾಗ ಎರಡು ಹೆಸರು ಹಾಕಿದ್ರ ಅಂತರಶಿಸ್ತೀಯ ಆಯ್ತು ಅಂದ್ಕೋತಾರ. ಅಲ್ರೀ. ನಿಮ್ಮ ಪ್ರಶ್ನೆ ಒಂದ, ಅದಕ್ಕ ಉತ್ತರ ಹುಡುಕಾಕ ರಾಜ್ಯಶಾಸ್ತ್ರದ ಉಪಕರಣ ಅಷ್ಟೇ ಸಾಲಂಗಿಲ್ಲ, ಇನ್ನೊಂದು ಶಾಸ್ತ್ರದ ಉಪಕರಣ ಕೈಯಾಗ ಹಿಡೀಲೇಬೇಕು ಅನ್ನೋ ಪರಿಸ್ಥಿತಿ ಬಂದಾಗ ಅದು ಅಂತರಶಿಸ್ತೀಯ ಆಗ್ತೈತಿ. ಮಾನ್ವಿ, ಸಿರವಾರ ಕಡೆ ಕೊನೆಭಾಗದ ರೈತರಿಗೆ ನೀರು ಯಾಕ ಮುಟ್ಟಂಗಿಲ್ಲ ಅಂತ ನಾ ಕೇಳ್ದಾಗ, ಬರೀ ಎಮ್ಮೆಲ್ಲೆಗಳ ಭಾಷಣ, ಪಕ್ಷದ ಪ್ರಣಾಳಿಕೆ ಓದಿದ್ರ ಉತ್ತರ ಸಿಗಂಗಿಲ್ಲ. ಉಪಕಾಲುವಿಯೊಳಗ ಎಷ್ಟು ಕ್ಯೂಸೆಕ್ ಹರೀತೈತಿ, ಮ್ಯಾಲಿನ ಭಾಗದಾಗ ಯೋಜನೆ ಪ್ರಕಾರ ಎಂಥಾ ಬೆಳೆ ಇರ್ಬೇಕಿತ್ತು, ಈಗ ಎಷ್ಟು ಭತ್ತ ಐತಿ ಅಂತ ಗೊತ್ತಾಗಬೇಕು. ಅದು ನೀರಾವರಿ ಇಂಜಿನಿಯರಿಂಗ್, ಭೂಗೋಳಶಾಸ್ತ್ರ. ಆದ್ರ ಪ್ರಶ್ನೆ ಮಾತ್ರ ರಾಜ್ಯಶಾಸ್ತ್ರದ್ದೇ, ಅಧಿಕಾರ ಯಾರ ಕೈಯಾಗ ಐತಿ, ತೀರ್ಮಾನ ಎಲ್ಲಿ ಆಗ್ತೈತಿ ಅನ್ನೋದು. ಪ್ರಶ್ನೆ ಒಂದು ಶಾಸ್ತ್ರದ್ದು, ಉಪಕರಣ ಎರಡು ಶಾಸ್ತ್ರದ್ದು. ಮುಂದ ಇಂಟರ್‌ವ್ಯೂ, ಸಿನಾಪ್ಸಿಸ್ (ಸಂಶೋಧನೆ ಯೋಜನೆಯ ಬರಹ), ವೈವಾ (ಕೊನೇ ಮೌಖಿಕ ಪರೀಕ್ಷೆ) ಎಲ್ಲಾ ಕಡೆ ಇದೇ ಮಾತು ತಿರುಗಿ ತಿರುಗಿ ಬರ್ತೈತಿ, ಅದಕ್ಕ ಮೊದಲೇ ಹೇಳೀನಿ.

ಇನ್ನೊಂದು, ನೋಂದಣಿ ಯಾವ ವಿಭಾಗದಾಗ ಅನ್ನೋದು ಭಾಳ ಮುಖ್ಯ. ಮುಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ಹೋಗೋ ಮನಸ್ಸಿದ್ರ ನಿಮ್ಮ ಎಂಎ, ನೆಟ್ ಅಥವಾ ಕೆಸೆಟ್ (ಅಧ್ಯಾಪಕ ಹುದ್ದೆಗೆ ರಾಷ್ಟ್ರ ಮತ್ತು ರಾಜ್ಯ ಮಟ್ಟದ ಅರ್ಹತಾ ಪರೀಕ್ಷೆ), ಪಿಎಚ್‌ಡಿ ಮೂರೂ ಒಂದೇ ಸಬ್ಜೆಕ್ಟಿನ್ಯಾಗ ಇದ್ರ ಯಾರೂ ಪ್ರಶ್ನೆ ಎತ್ತಂಗಿಲ್ಲ. ವಿಷಯ ಎಷ್ಟರ ಅಂತರಶಿಸ್ತೀಯ ಇರ್ಲಿ, ನೋಂದಣಿ ರಾಜ್ಯಶಾಸ್ತ್ರ ವಿಭಾಗದಾಗ ಇಟ್ಕೊಂಡು ಬ್ಯಾರೆ ವಿಭಾಗದ ಒಬ್ಬರನ್ನ ಸಹ ಮಾರ್ಗದರ್ಶಕರನ್ನಾಗಿ ತಗೊಳ್ಳೋದು ನನ್ನ ಪ್ರಕಾರ ಒಳ್ಳೇ ದಾರಿ. ಯುಜಿಸಿ (ವಿಶ್ವವಿದ್ಯಾಲಯ ಅನುದಾನ ಆಯೋಗ) ನಿಯಮದಾಗ ಇದಕ್ಕ ಅವಕಾಶ ಐತಿ, ಬ್ಯಾರೆ ವಿಭಾಗ ಅಷ್ಟೇ ಅಲ್ಲ, ಬ್ಯಾರೆ ಯೂನಿವರ್ಸಿಟಿಯವರನ್ನೂ ತಗೋಬಹುದು.

ಯಾರು ಅರ್ಜಿ ಹಾಕಬಹುದು

ಈಗ ನಡೀತಿರೋದು ಯುಜಿಸಿಯ 2022ರ ಪಿಎಚ್‌ಡಿ ನಿಯಮಾವಳಿ, ಆ ವರ್ಷ ನವೆಂಬರ್ 7ಕ್ಕ ಜಾರಿ ಆಗಿದ್ದು. 2016ರ ಹಳೇ ನಿಯಮ ಹೇಳೋ ಸೀನಿಯರ್‌ಗಳು ಇನ್ನೂ ಅದಾರ, ಅವರ ಮಾತು ಕೇಳಿ ಗೊಂದಲ ಮಾಡ್ಕೋಬ್ಯಾಡ್ರಿ. ಮೂರು ವರ್ಷದ ಡಿಗ್ರಿ ಮ್ಯಾಲೆ ಎರಡು ವರ್ಷದ ಎಂಎ, ಇಲ್ಲಾ ನಾಲ್ಕು ವರ್ಷದ ಡಿಗ್ರಿ ಮ್ಯಾಲೆ ಒಂದು ವರ್ಷದ ಎಂಎ ಆಗಿರ್ಬೇಕು, ಎಂಎದಾಗ 55% ಬೇಕು. ಎಸ್ಸಿ, ಎಸ್ಟಿ, ಕೆನೆಪದರದಾಗ ಬರಲಾರದ ಹಿಂದುಳಿದ ವರ್ಗ, ಅಂಗವಿಕಲರು, ಇಡಬ್ಲ್ಯೂಎಸ್ (ಆರ್ಥಿಕವಾಗಿ ದುರ್ಬಲರು) ಇವರಿಗೆ 5% ರಿಯಾಯ್ತಿ, ಅಂದ್ರ 50% ಸಾಕು. ನಾಲ್ಕು ವರ್ಷದ ಡಿಗ್ರಿ ಮಾಡಿ 75% ತೆಗೆದೋರು ಎಂಎ ಇಲ್ದೆ ನೇರವಾಗಿ ಹೋಗಬಹುದು, ಆದ್ರ ನಮ್ ಕಡೆ ಹುಡುಗ್ರಿಗೆ ನನ್ನ ಸಲಹೆ ಎಂಎ ಮುಗಿಸೇ ಹೋಗ್ರಿ ಅಂತ. ಎರಡು ಶಾಸ್ತ್ರ ಹಿಡ್ಕೊಂಡು ಓಡ್ಬೇಕಂದ್ರ ಒಂದರಾಗಾದ್ರೂ ಕಾಲು ಗಟ್ಟಿ ಇರ್ಬೇಕಲ್ಲ.

ಕಾಗದಪತ್ರದ ಬಗ್ಗೆ ಒಂದೆರಡು ಮಾತು. ರಾಜ್ಯದ ಯೂನಿವರ್ಸಿಟಿಗೆ ಪ್ರವರ್ಗ 1, 2ಎ, 3ಬಿ ಅಂತ ಇರೋ ರಾಜ್ಯದ ಜಾತಿ ಪ್ರಮಾಣಪತ್ರ ನಡೀತೈತಿ, ನೆಟ್ ಪರೀಕ್ಷೆಗೆ ಮತ್ತು ಸೆಂಟ್ರಲ್ ಯೂನಿವರ್ಸಿಟಿಗೆ ಕೇಂದ್ರದ ನಮೂನೆಯ ಒಬಿಸಿ ಪ್ರಮಾಣಪತ್ರ ಬ್ಯಾರೆನೇ ಬೇಕು. ರಾಜ್ಯದ ಪಟ್ಟಿ ಬ್ಯಾರೆ, ಕೇಂದ್ರದ ಪಟ್ಟಿ ಬ್ಯಾರೆ, ನಿಮ್ಮ ಜಾತಿ ಎರಡರಾಗೂ ಐತೇನು ಅಂತ ನೋಡ್ಕೋರಿ. 371ಜೆ (ಕಲ್ಯಾಣ ಕರ್ನಾಟಕದೋರಿಗೆ ಮೀಸಲಾತಿ ಕೊಡೋ ಸಂವಿಧಾನದ ವಿಧಿ) ಅರ್ಹತಾ ಪ್ರಮಾಣಪತ್ರ ಅಸಿಸ್ಟೆಂಟ್ ಕಮಿಷನರ್ ಸಹಿ ಆಗಿ ಬರ್ಬೇಕು, ಅರ್ಜಿಗೆ ಕೊನೇ ದಿನ ಅಂದಾಗ ನಾಡಕಚೇರಿಗೆ ಓಡಿದ್ರ ಆಗೋ ಕೆಲಸ ಅಲ್ಲ. ಎಂಎ ಒಂದು ಯೂನಿವರ್ಸಿಟಿ, ಪಿಎಚ್‌ಡಿ ಇನ್ನೊಂದು ಆದ್ರ ಮೈಗ್ರೇಶನ್ ಸರ್ಟಿಫಿಕೇಟ್ ಬೇಕಾಗ್ತೈತಿ. ಇವನ್ನೆಲ್ಲಾ ಈಗಲೇ ಮಾಡಿಸಿ ಫೈಲಿನ್ಯಾಗ ಇಡ್ರಿ.

ನೌಕರಿಯಾಗ ಇರೋರು ಪಾರ್ಟ್‌ಟೈಮ್ ಮಾಡಬಹುದು, ಆದ್ರ ಕೆಲಸ ಮಾಡೋ ಕಡೆಯಿಂದ ನಿರಾಕ್ಷೇಪಣಾ ಪತ್ರ ಬೇಕು. ಸಂಶೋಧನೆಗೆ ಸಮಯ ಕೊಡ್ತೀವಿ, ಕೋರ್ಸ್‌ವರ್ಕಿಗೆ (ಪಿಎಚ್‌ಡಿ ಶುರುವಿನ ಪಾಠಗಳಿಗೆ) ಬೇಕಾದ್ರ ಬಿಡುಗಡೆ ಮಾಡ್ತೀವಿ ಅಂತ ಅದರಾಗ ಬರೆದಿರ್ಬೇಕು. ಅಂಚೆ ತೆರಪಿನ ಪಿಎಚ್‌ಡಿ ಅಂತ ಯಾರಾದ್ರೂ ರೊಕ್ಕ ಕೇಳಿದ್ರ ಅಲ್ಲಿಂದ ಎದ್ದು ಬರ್ರಿ, ಡಿಸ್ಟನ್ಸ್ ಮೋಡ್‌ನ್ಯಾಗ ಪಿಎಚ್‌ಡಿಗೆ ಮಾನ್ಯತೆ ಇಲ್ಲ.

ಎಲ್ಲಿ ಮಾಡೋದು

ಹತ್ತಿರದಿಂದ ಶುರು ಮಾಡೋಣ. ಬಳ್ಳಾರಿಯ ವಿಜಯನಗರ ಶ್ರೀಕೃಷ್ಣದೇವರಾಯ ವಿಶ್ವವಿದ್ಯಾಲಯ 2010ರದ್ದು. ರಾಯಚೂರಿನ್ಯಾಗ ಯರಗೇರಾ ಹತ್ರ ರಾಯಚೂರು ವಿಶ್ವವಿದ್ಯಾಲಯ (ಈಗ ಅದಕ್ಕ ಮಹರ್ಷಿ ವಾಲ್ಮೀಕಿ ಹೆಸರು), ಕೊಪ್ಪಳ ವಿಶ್ವವಿದ್ಯಾಲಯ 2023ರಿಂದ. ಹೊಸ ಯೂನಿವರ್ಸಿಟಿಗಳಿಗೆ ಹೋಗೋ ಮುಂಚೆ ನಿಮ್ಮ ಸಬ್ಜೆಕ್ಟಿನ್ಯಾಗ ಕಾಯಂ ಅಧ್ಯಾಪಕರು ಎಷ್ಟು ಮಂದಿ ಅದಾರ ಅಂತ ಸ್ವತಃ ಹೋಗಿ ನೋಡ್ರಿ, ಯಾಕಂದ್ರ ಅತಿಥಿ ಉಪನ್ಯಾಸಕರು ಎಷ್ಟೇ ಬುದ್ಧಿವಂತರಿದ್ರೂ ಗೈಡ್ ಆಗಾಕ ಬರಂಗಿಲ್ಲ. ಹಂಪಿ ಕನ್ನಡ ವಿಶ್ವವಿದ್ಯಾಲಯ, 1991ರದ್ದು, ಅಲ್ಲಿ ಅಭಿವೃದ್ಧಿ ಅಧ್ಯಯನ, ಮಹಿಳಾ ಅಧ್ಯಯನ, ಬುಡಕಟ್ಟು ಅಧ್ಯಯನ ಅಂತ ವಿಭಾಗಗಳೇ ಅಂತರಶಿಸ್ತೀಯವಾಗಿ ಅದಾವ, ಥೀಸಿಸ್ ಕನ್ನಡದಾಗ. ಕನ್ನಡದಾಗ ಗಟ್ಟಿಯಾಗಿ ಯೋಚನೆ ಮಾಡೋ ಹುಡುಗ್ರಿಗೆ ಅದು ಚೊಲೋ ಜಾಗ, ಆದ್ರ ಮ್ಯಾಲೆ ಹೇಳಿದ ಸಬ್ಜೆಕ್ಟ್ ಹೆಸರಿನ ವಿಚಾರ ನೆನಪಿನ್ಯಾಗ ಇರ್ಲಿ. ಗದಗಿನ ಗ್ರಾಮೀಣಾಭಿವೃದ್ಧಿ ಮತ್ತು ಪಂಚಾಯತ್ ರಾಜ್ ವಿಶ್ವವಿದ್ಯಾಲಯ ಕೊಪ್ಪಳದೋರಿಗೆ ತಾಸಿನ ದಾರಿ, ಪಂಚಾಯತಿ ವಿಷಯ ಇದ್ರ ಒಮ್ಮೆ ಹೋಗಿ ಮಾತಾಡ್ರಿ. ಕಲಬುರಗಿಯ ಗುಲ್ಬರ್ಗಾ ಯೂನಿವರ್ಸಿಟಿ, ಧಾರವಾಡ ಹ್ಯಾಂಗೂ ಗೊತ್ತಿರೋವೇ.

ಸ್ವಲ್ಪ ದೂರ ಹೋಗೋ ಧೈರ್ಯ ಇದ್ರ ಹೈದರಾಬಾದ್ ಸೆಂಟ್ರಲ್ ಯೂನಿವರ್ಸಿಟಿ ಐತಿ, ರಾಯಚೂರಿನಿಂದ ಅದು ಬೆಂಗಳೂರಿಗಿಂತ ಹತ್ರ. ಬೆಂಗಳೂರಿನ ನಾಗರಬಾವಿಯ ಐಸೆಕ್ (ಸಾಮಾಜಿಕ ಮತ್ತು ಆರ್ಥಿಕ ಪರಿವರ್ತನಾ ಸಂಸ್ಥೆ) 1972ರಿಂದ ನಡೀತಿರೋ ಸಂಸ್ಥೆ, ಅರ್ಥಶಾಸ್ತ್ರ, ಸಮಾಜಶಾಸ್ತ್ರ, ರಾಜಕೀಯ ಸಂಸ್ಥೆಗಳ ಅಧ್ಯಯನ ಎಲ್ಲಾ ಒಂದೇ ಕ್ಯಾಂಪಸ್ಸಿನ್ಯಾಗ. ಇಂಗ್ಲಿಷಿಗೆ ಹೆದರಿ ಇಂಥಾ ಕಡೆ ಅರ್ಜಿನೇ ಹಾಕಲ್ದೋರನ್ನ ನೋಡಿ ನನಗ ಮನಸ್ಸಿಗೆ ಹತ್ತೈತಿ. ಹಾಕ್ರಿ. ಇಂಟರ್‌ವ್ಯೂದಾಗ ಅವರು ನೋಡೋದು ನಿಮ್ಮ ವ್ಯಾಕರಣ ಅಲ್ಲ, ನಿಮ್ಮ ಪ್ರಶ್ನೆ.

ನೆಟ್, ಎಂಟ್ರೆನ್ಸ್, ಇಂಟರ್‌ವ್ಯೂ

2024ರ ಮಾರ್ಚ್‌ನ್ಯಾಗ ಯುಜಿಸಿ ದೊಡ್ಡ ಬದಲಾವಣೆ ಮಾಡ್ತು. ಈಗ ನೆಟ್ ಬರೆದ್ರ ಮೂರು ಥರದಾಗ ಪಾಸ್ ಆಗ್ತೀರಿ. ಮೊದಲನೇದು ಜೆಆರ್‌ಎಫ್ (ಸಂಶೋಧನೆಗೆ ತಿಂಗಳಿಗಿಷ್ಟು ಅಂತ ರೊಕ್ಕ ಕೊಡೋ ಫೆಲೋಶಿಪ್), ಅದರ ಜೊತಿಗೆ ಅಸಿಸ್ಟೆಂಟ್ ಪ್ರೊಫೆಸರ್ ಅರ್ಹತೆ, ಪಿಎಚ್‌ಡಿ ಪ್ರವೇಶ ಎಲ್ಲಾ. ಎರಡನೇದು ಅಸಿಸ್ಟೆಂಟ್ ಪ್ರೊಫೆಸರ್ ಮತ್ತು ಪಿಎಚ್‌ಡಿ ಪ್ರವೇಶ. ಮೂರನೇದು ಬರೀ ಪಿಎಚ್‌ಡಿ ಪ್ರವೇಶ. ಜೆಆರ್‌ಎಫ್ ಆದೋರಿಗೆ ಇಂಟರ್‌ವ್ಯೂ ಮ್ಯಾಲೆ ಸೀಟು, ಉಳಿದ ಎರಡು ಥರದೋರಿಗೆ ನೆಟ್ ಅಂಕಕ್ಕ 70%, ಇಂಟರ್‌ವ್ಯೂಗೆ 30% ತೂಕ. ಈ ಎರಡು ಥರದ ಅಂಕ ಪಿಎಚ್‌ಡಿ ಪ್ರವೇಶಕ್ಕ ಒಂದೇ ವರ್ಷ ನಡೀತೈತಿ, ಅದಕ್ಕ ಪಾಸ್ ಆದ ವರ್ಷನ ಅರ್ಜಿ ಹಾಕ್ರಿ.

ನೆಟ್ ವರ್ಷಕ್ಕ ಎರಡು ಸಲ, ಜೂನ್ ಮತ್ತು ಡಿಸೆಂಬರ್ ಸರದಿ. ಮೊದಲನೇ ಪತ್ರಿಕೆ 50 ಪ್ರಶ್ನೆ 100 ಅಂಕ, ಎರಡನೇದು ನಿಮ್ಮ ಸಬ್ಜೆಕ್ಟ್, 100 ಪ್ರಶ್ನೆ 200 ಅಂಕ, ಎರಡೂ ಸೇರಿ ಮೂರು ತಾಸು, ತಪ್ಪು ಉತ್ತರಕ್ಕ ಅಂಕ ಕಡಿಯಂಗಿಲ್ಲ. ಪ್ರಶ್ನೆಪತ್ರಿಕೆ ಇಂಗ್ಲಿಷ್ ಮತ್ತು ಹಿಂದಿ ಅಷ್ಟೇ, ನಮ್ ಕಡೆ ಕನ್ನಡ ಮಾಧ್ಯಮದ ಹುಡುಗ್ರು ಎಡವೋದೇ ಇಲ್ಲಿ. ನಾ ಮಾಡಿದ್ದ ಉಪಾಯ ಹೇಳ್ತೀನಿ, ಒಂದು ನೋಟ್‌ಬುಕ್ಕಿನ್ಯಾಗ ಎಡಕ್ಕ ಕನ್ನಡ ಪರಿಭಾಷೆ, ಬಲಕ್ಕ ಅದರ ಇಂಗ್ಲಿಷ್ ಪದ ಬರ್ಕೋಂತ ಹೋದೆ, ಸಾರ್ವಭೌಮತ್ವ, ನ್ಯಾಯಸಮ್ಮತತೆ, ಯಜಮಾನಿಕೆ, ನಾಗರಿಕ ಸಮಾಜ ಹಿಂಗ, ಆರು ತಿಂಗಳಾಗ ನಾನೂರು ಪದ ಆದ್ವು. ಹಳೇ ಪ್ರಶ್ನೆಪತ್ರಿಕೆ ಓದ್ತಾ ಓದ್ತಾ ಗೊತ್ತಾಯ್ತು, ವಿಷಯ ನನಗ ಮೊದಲೇ ಬರ್ತಿತ್ತು, ಅದರ ಹೆಸರು ಅಷ್ಟೇ ಗೊತ್ತಿರ್ಲಿಲ್ಲ ಅಂತ.

ನೆಟ್ ಇಲ್ದೋರಿಗೆ ಯೂನಿವರ್ಸಿಟಿಯ ಸ್ವಂತ ಎಂಟ್ರೆನ್ಸ್ ಇದ್ರ ಅದು ಅರ್ಧ ಸಂಶೋಧನಾ ವಿಧಾನ, ಅರ್ಧ ಸಬ್ಜೆಕ್ಟ್, 50% ಬಂದ್ರ ಇಂಟರ್‌ವ್ಯೂಗೆ ಕರೀತಾರ, ಮೀಸಲಾತಿಯೋರಿಗೆ 45%. ಸಂಶೋಧನಾ ವಿಧಾನದ ಅರ್ಧ ಪತ್ರಿಕೇನ ನಮ್ಮೋರು ಕಡೆಗಣಿಸ್ತಾರ, ಸ್ಯಾಂಪ್ಲಿಂಗ್ ಅಂದ್ರೇನು, ಹೈಪಾಥೆಸಿಸ್ ಅಂದ್ರೇನು ಅಂತ ಓದಿರಂಗಿಲ್ಲ. ಕೆಸೆಟ್ ಈಗ ಕೆಇಎ (ಕರ್ನಾಟಕ ಪರೀಕ್ಷಾ ಪ್ರಾಧಿಕಾರ) ನಡೆಸ್ತೈತಿ, ಕನ್ನಡದಾಗೂ ಬರೀಬಹುದು, ಕರ್ನಾಟಕದಾಗ ಅಸಿಸ್ಟೆಂಟ್ ಪ್ರೊಫೆಸರ್ ಆಗಾಕ ಅದು ಸಾಕು. ಕೆಸೆಟ್ ಆದೋರಿಗೆ ಎಂಟ್ರೆನ್ಸ್ ವಿನಾಯಿತಿ ಕೊಡೋದು ಬಿಡೋದು ಆಯಾ ಯೂನಿವರ್ಸಿಟಿ ನೋಟಿಫಿಕೇಶನ್ ಮ್ಯಾಲೆ. ಮತ್ತೊಂದು, 2023ರ ಜುಲೈ 1ರಿಂದ ಅಸಿಸ್ಟೆಂಟ್ ಪ್ರೊಫೆಸರ್ ಹುದ್ದೆಗೆ ನೆಟ್ ಇಲ್ಲಾ ಸೆಟ್ ಕನಿಷ್ಠ ಅರ್ಹತೆ, ಪಿಎಚ್‌ಡಿ ಕಡ್ಡಾಯ ಅಲ್ಲ. ಅಂದ್ರ ನೌಕರಿ ಸಲುವಾಗಿ ಅಷ್ಟೇ ಪಿಎಚ್‌ಡಿಗೆ ಬರ್ತಿದ್ರ ಮೊದಲು ನೆಟ್ ಮುಗಿಸ್ರಿ, ಪ್ರಶ್ನೆ ಕಾಡ್ತಿದ್ರ ಪಿಎಚ್‌ಡಿಗೆ ಬರ್ರಿ.

ಗೈಡ್ ಹುಡುಕೋದು

ನಿಯಮದ ಪ್ರಕಾರ ಪ್ರೊಫೆಸರ್ ಕೈಕೆಳಗ ಒಂದು ಸಮಯಕ್ಕ 8 ಮಂದಿ, ಅಸೋಸಿಯೇಟ್ ಪ್ರೊಫೆಸರಿಗೆ 6, ಅಸಿಸ್ಟೆಂಟ್ ಪ್ರೊಫೆಸರಿಗೆ 4. ನಿವೃತ್ತಿಗೆ ಮೂರು ವರ್ಷಕ್ಕಿಂತ ಕಡಿಮೆ ಉಳಿದೋರು ಹೊಸಬರನ್ನ ತಗೊಳ್ಳಂಗಿಲ್ಲ. ಹಂಗಾಗಿ ಸೀಟು ಖಾಲಿ ಐತೇನು ಅನ್ನೋದರ ಜೊತಿಗೆ ಅವರ ನಿವೃತ್ತಿ ಯಾವಾಗ ಅಂತನೂ ಮರ್ಯಾದೆಯಿಂದ ತಿಳ್ಕೋರಿ.

ಹೋಗೋ ಮುಂಚೆ ಅವರು ಬರೆದ ಎರಡು ಲೇಖನ ಆದ್ರೂ ಓದ್ರಿ. ಅವರ ಕೈಕೆಳಗ ಮುಗಿಸಿದೋರ ಥೀಸಿಸ್ ಶೋಧಗಂಗಾ ಅನ್ನೋ ವೆಬ್‌ಸೈಟಿನ್ಯಾಗ ಪುಕ್ಕಟೆ ಸಿಗ್ತಾವ, ತೆಗೆದು ನೋಡಿದ್ರ ಎಂಥಾ ಕೆಲಸ ಮಾಡಿಸ್ತಾರ ಅಂತ ಗೊತ್ತಾಗ್ತೈತಿ. ಆಮೇಲೆ ಈಗ ಇರೋ ವಿದ್ಯಾರ್ಥಿಗಳನ್ನ ಕೇಳ್ರಿ, ಸರ್ ಬರೆದದ್ದು ಓದ್ತಾರೇನು, ಎಷ್ಟು ದಿನಕ್ಕ ವಾಪಸ್ ಕೊಡ್ತಾರ ಅಂತ. ಹೆಸರುವಾಸಿ ಗೈಡಿಗಿಂತ ಓದಿ ಕೆಂಪು ಪೆನ್ನಿನ್ಯಾಗ ಗೀಚಿ ಕೊಡೋ ಗೈಡ್ ಸಿಕ್ರ ನೀವು ಪುಣ್ಯವಂತರು. ಮನಿ ಕೆಲಸ ಹೇಳೋರು, ರೊಕ್ಕ ಕೇಳೋರು ಅಂತ ಸುದ್ದಿ ಇದ್ರ ಸೀಟು ಬಿಟ್ರೂ ಪರವಾಗಿಲ್ಲ, ಅಂಥಲ್ಲಿ ಹೋಗಬ್ಯಾಡ್ರಿ, ಹೆಣ್ಣುಮಕ್ಕಳಿಗಂತೂ ಈ ಮಾತು ಒತ್ತಿ ಹೇಳ್ತೀನಿ.

ಸಹ ಮಾರ್ಗದರ್ಶಕರನ್ನ ಆರಿಸುವಾಗ ಇಬ್ಬರಿಗೂ ಒಬ್ಬರ ಬಗ್ಗೆ ಒಬ್ಬರಿಗೆ ಗೌರವ ಇರ್ಬೇಕು. ಇಬ್ಬರ ಜಗಳದಾಗ ಸಿಕ್ಕೋ ವಿದ್ಯಾರ್ಥಿ ಗತಿ ಎತ್ತುಗಳ ಗುದ್ದಾಟದಾಗ ಸಿಕ್ಕ ಬೆಳೆ ಗತಿನ.

ಸಿನಾಪ್ಸಿಸ್, ಎಲ್ಲಕ್ಕಿಂತ ಹೆಚ್ಚು ಸಮಯ ಇಲ್ಲಿ ಕೊಡ್ರಿ

ನನ್ನ ಮೊದಲನೇ ಸಿನಾಪ್ಸಿಸ್ ವಾಪಸ್ ಬಂತು. ಟೈಟಲ್ "ತುಂಗಭದ್ರಾ ಅಚ್ಚುಕಟ್ಟು ಪ್ರದೇಶದ ಸಮಸ್ಯೆಗಳು ಮತ್ತು ಪರಿಹಾರಗಳು: ಒಂದು ಅಧ್ಯಯನ" ಅಂತಿತ್ತು. ಸಮಿತಿಯಾಗಿದ್ದ ಒಬ್ಬರು ಹಿರಿಯರು ಹಾಳಿ ತಿರುವಿ ಹಾಕಿ, "ಇದು ಕೃಷಿ ಇಲಾಖೆ ವರದಿ ಇದ್ದಂಗೈತಿ, ಇದರಾಗ ರಾಜ್ಯಶಾಸ್ತ್ರ ಎಲ್ಲೈತಿ ತೋರಿಸು" ಅಂದ್ರು. ಅವತ್ತು ಭಾಳ ನೋವಾಯ್ತು, ಆದ್ರ ಅವರು ಕೇಳಿದ್ದು ಸರಿಯಾದ ಪ್ರಶ್ನೆ.

ನಾಲ್ಕು ತಿಂಗಳು ಮತ್ತ ಓದಿ ತಿದ್ದಿದೆ. ಕಾಲುವಿ ಮುನಿರಾಬಾದಿನಿಂದ ಹೊಂಟು ಗಂಗಾವತಿ, ಕಾರಟಗಿ, ಸಿಂಧನೂರು, ಮಾನ್ವಿ ದಾಟಿ ರಾಯಚೂರು ಕಡೆ 200 ಕಿಲೋಮೀಟರ್ ಮ್ಯಾಲೆ ಹರೀತೈತಿ. ಯೋಜನೆ ಮಾಡಿದಾಗ ಹೆಚ್ಚು ಭಾಗ ಜೋಳ, ಹತ್ತಿ ಥರದ ಕಡಿಮೆ ನೀರಿನ ಬೆಳೆಗೆ ಅಂತ ಲೆಕ್ಕ ಹಾಕಿದ್ದು, ಮ್ಯಾಲಿನ ಭಾಗದಾಗ ಭತ್ತ ಬಂತು, ಕೊನೆಭಾಗಕ್ಕ ನೀರು ಕಡಿಮೆ ಆಯ್ತು. ಯಾವಾಗ ಎಷ್ಟು ದಿನ ನೀರು ಬಿಡ್ಬೇಕು ಅಂತ ತೀರ್ಮಾನ ಮಾಡೋದು ನೀರಾವರಿ ಸಲಹಾ ಸಮಿತಿ, ಅದರಾಗ ಮಂತ್ರಿ, ಎರಡೂ ಕಡೆ ಶಾಸಕರು, ಅಧಿಕಾರಿಗಳು ಕುಂದರ್ತಾರ. ಆಗ ಹೊಳೀತು, ನನ್ನ ಪ್ರಶ್ನೆ ನೀರಿನ ಕೊರತೆ ಅಲ್ಲ, ನಿಯಮ ಇದ್ರೂ ಅದನ್ನ ಮುರಿಯೋರ ಮ್ಯಾಲೆ ಸರ್ಕಾರ ಯಾಕ ಕ್ರಮ ತಗೊಳ್ಳಂಗಿಲ್ಲ, ಮ್ಯಾಲಿನ ಭಾಗದ ಮತಕ್ಕೂ ಕೊನೆಭಾಗದ ಮತಕ್ಕೂ ತೂಕದಾಗ ಫರಕ್ ಯಾಕ ಅನ್ನೋದು. ಟೈಟಲ್ ಬದಲಾಯ್ತು, ಅಧ್ಯಾಯ ಬದಲಾದ್ವು, ಎರಡನೇ ಸಲ ಇಪ್ಪತ್ತು ನಿಮಿಷದಾಗ ಒಪ್ಪಿಗೆ ಸಿಕ್ತು.

ಹಂಗಾಗಿ ಸಿನಾಪ್ಸಿಸ್ ಬರೆಯೋ ಮುಂಚೆ ಒಂದು ಹಾಳಿ ಮ್ಯಾಲೆ ಒಂದೇ ವಾಕ್ಯದ ಪ್ರಶ್ನೆ ಬರೀರಿ. ಅದು ಯಾಕ, ಹೆಂಗ, ಯಾರಿಗೆ ಅಂತ ಇರ್ಬೇಕು. "ಒಂದು ಅಧ್ಯಯನ" ಅಂತ ಮುಗಿಯೋ ಟೈಟಲ್ ಬಿಟ್ಟುಬಿಡ್ರಿ. ಅದರ ಕೆಳಗ ಎರಡು ಸಾಲು, ರಾಜ್ಯಶಾಸ್ತ್ರದ ಯಾವ ಪರಿಕಲ್ಪನೆ ಇದರಾಗ ಕೆಲಸ ಮಾಡ್ತೈತಿ, ಇನ್ನೊಂದು ಶಾಸ್ತ್ರದಿಂದ ಯಾವ ವಿಧಾನ ತಗೋತೀನಿ. ಈ ಮೂರು ಸಾಲು ಗಟ್ಟಿ ಆದ ಮ್ಯಾಲೆ ಉಳಿದದ್ದು ಬರೀರಿ, ಹಿಂದಿನ ಅಧ್ಯಯನಗಳು ಏನು ಹೇಳ್ಯಾವ, ಅವು ಬಿಟ್ಟ ಜಾಗ ಎಲ್ಲಿ, ನಿಮ್ಮ ವಿಧಾನ, ಅಧ್ಯಾಯಗಳು, ಯಾವ ವರ್ಷ ಏನು ಮಾಡ್ತೀರಿ. ಹಿಂದಿನ ಅಧ್ಯಯನಗಳ ಭಾಗದಾಗ ಎರಡೂ ಶಾಸ್ತ್ರದ ಓದು ಕಾಣಿಸ್ಬೇಕು, ಒಂದರದ್ದು ಹತ್ತು ಪುಟ, ಇನ್ನೊಂದರದ್ದು ಅರ್ಧ ಪುಟ ಆದ್ರ ಸಮಿತಿಯೋರು ಹಿಡಿದುಬಿಡ್ತಾರ.

ವಿಷಯಕ್ಕ ನಮ್ಮ ಸೀಮೆಯಾಗ ಬರ ಇಲ್ರೀ. ಒಂದು ಉದಾಹರಣೆ, ರಾಯಚೂರು, ಕೊಪ್ಪಳ ನಿಜಾಮರ ಹೈದರಾಬಾದ್ ಸಂಸ್ಥಾನದಾಗ ಇದ್ವು, ಬಳ್ಳಾರಿ ಮದ್ರಾಸ್ ಪ್ರಾಂತ್ಯದಾಗಿದ್ದು 1953ರ ಅಕ್ಟೋಬರ್ 1ಕ್ಕ ಮೈಸೂರಿಗೆ ಸೇರ್ತು. ಪಕ್ಕಪಕ್ಕದ ಊರು, ಎರಡು ಬ್ಯಾರೆ ಆಡಳಿತ, ಭೂಮಿ ಕಾನೂನು ಬ್ಯಾರೆ, ಕಚೇರಿ ಭಾಷೆ ಬ್ಯಾರೆ, ಅದರ ಗುರುತು ಈಗಿನ ರಾಜಕೀಯದಾಗ ಉಳಿದೈತೇನು ಅಂತ ಕೇಳಿದ್ರ ಇತಿಹಾಸ ಮತ್ತು ರಾಜ್ಯಶಾಸ್ತ್ರ ಎರಡೂ ಬೇಕಾಗ್ತಾವ. ಸಂಡೂರು, ಹೊಸಪೇಟೆ ಗಣಿ ಭಾಗದಾಗ 2011ರ ಲೋಕಾಯುಕ್ತ ವರದಿ, ಅದೇ ವರ್ಷ ಸುಪ್ರೀಂ ಕೋರ್ಟ್ ಗಣಿಗಾರಿಕೆ ನಿಲ್ಲಿಸಿದ್ದು, 2015ರ ಕಾನೂನು ತಿದ್ದುಪಡಿ ಮ್ಯಾಲೆ ಬಂದ ಜಿಲ್ಲಾ ಖನಿಜ ಪ್ರತಿಷ್ಠಾನದ ರೊಕ್ಕ ಯಾವ ಹಳ್ಳಿಗೆ ಹೋಗ್ತೈತಿ ಅನ್ನೋದು, ಇದು ಕಾನೂನು, ಪರಿಸರ, ರಾಜಕೀಯ ಮೂರೂ ಕೂಡೋ ಜಾಗ. 371ಜೆ ಬಗ್ಗೆ ಎಲ್ಲಾರೂ ಮಾತಾಡ್ತಾರ, ಅದನ್ನ ತಂದ ಸಂವಿಧಾನದ 98ನೇ ತಿದ್ದುಪಡಿ ಮುಂಚೆ 2002ರ ನಂಜುಂಡಪ್ಪ ಸಮಿತಿ ವರದಿ ಹಿಂದುಳಿದ ತಾಲೂಕುಗಳ ಲೆಕ್ಕ ಹಾಕಿತ್ತಲ್ಲ, ಆ ಲೆಕ್ಕದ ವಿಧಾನನ ಅರ್ಥಶಾಸ್ತ್ರದ ಕಣ್ಣಿಂದ ಪರೀಕ್ಷೆ ಮಾಡಿದ್ರ ಅದೇ ಒಂದು ಥೀಸಿಸ್. 2010ರ ಚುನಾವಣೆಯಿಂದ ಗ್ರಾಮ ಪಂಚಾಯತಿಯಾಗ ಅರ್ಧ ಸೀಟು ಹೆಣ್ಣುಮಕ್ಕಳಿಗೆ ಬಂದ ಮ್ಯಾಲೆ ಅಧ್ಯಕ್ಷೆ ಖುರ್ಚಿ ಮ್ಯಾಲೆ ಕುಂತ್ರೂ ಸಹಿ ಎಲ್ಲಿ ಆಗ್ತೈತಿ, ಮನಿಯಾಗೋ ಕಚೇರಿಯಾಗೋ, ಇದು ಮಹಿಳಾ ಅಧ್ಯಯನ ಮತ್ತು ಮಾನವಶಾಸ್ತ್ರದ ಕಡೆ ಹೋಗೋ ದಾರಿ.

ಕೋರ್ಸ್‌ವರ್ಕ್

ಸೀಟು ಸಿಕ್ಕ ಮ್ಯಾಲೆ ಕೋರ್ಸ್‌ವರ್ಕ್, ಕನಿಷ್ಠ 12 ಕ್ರೆಡಿಟ್. ಅದರಾಗ ಸಂಶೋಧನಾ ವಿಧಾನ, ಸಂಶೋಧನೆ ಮತ್ತು ಪ್ರಕಟಣೆಯ ನೈತಿಕತೆ ಕಡ್ಡಾಯ, ಪಾಸ್ ಆಗಾಕ 55% ಬೇಕು. ಇಲ್ಲಿ ಒಂದು ಕೆಲಸ ಮಾಡ್ರಿ, ಐಚ್ಛಿಕ ಪತ್ರಿಕೆ ಇದ್ರ ನಿಮ್ಮ ಎರಡನೇ ಶಾಸ್ತ್ರದ ವಿಭಾಗಕ್ಕ ಹೋಗಿ ಅಲ್ಲಿ ತಗೋರಿ, ಪತ್ರಿಕೆ ಇಲ್ಲಂದ್ರೂ ಅವರ ಕ್ಲಾಸಿನ್ಯಾಗ ಹಿಂದಿನ ಬೆಂಚಿಗೆ ಕುಂದರಾಕ ಅನುಮತಿ ಕೇಳ್ರಿ. ನಾ ಸಿವಿಲ್ ಇಂಜಿನಿಯರಿಂಗ್ ಕಾಲೇಜಿನ್ಯಾಗ ಒಂದು ಸೆಮಿಸ್ಟರ್ ನೀರಾವರಿ ಪಾಠ ಕೇಳಿದೆ, ಮೊದಲ ತಿಂಗಳು ಏನೂ ತಿಳೀಲಿಲ್ಲ, ಆಮೇಲೆ ಕಾಲುವಿ ಗೇಜ್ (ನೀರಿನ ಮಟ್ಟ ಅಳೆಯೋ ಪಟ್ಟಿ) ಓದಾಕ ಬಂತು. ಆ ಗೇಜ್ ಓದೋದು ಬರ್ದಿದ್ರ ಫೀಲ್ಡಿನ್ಯಾಗ ಇಂಜಿನಿಯರ್ ಹೇಳಿದ್ದನ್ನ ನಂಬಿ ಬರ್ಬೇಕಾಗ್ತಿತ್ತು.

ಫೀಲ್ಡು, ದಾಖಲೆ, ಅಂಕಿ

ಸಿರವಾರ ಹತ್ರ ಒಂದು ಹಳ್ಳಿಯಾಗ ಒಬ್ಬ ಹಿರಿಯ ರೈತರು ತಮ್ಮ ಮೊಮ್ಮಗನ ಹಳೇ ಸಾಲಿ ನೋಟ್‌ಬುಕ್ ತಂದು ನನ್ನ ಮುಂದ ಇಟ್ರು. ಹನ್ನೊಂದು ವರ್ಷ, ತಮ್ಮ ಹೊಲದ ತೂಬಿಗೆ ನೀರು ಬಂದ ರಾತ್ರಿಗಳ ತಾರೀಖು, ಎಷ್ಟು ತಾಸು ಹರೀತು ಅಂತ ಪೆನ್ಸಿಲ್‌ನ್ಯಾಗ ಬರೆದಿಟ್ಟಿದ್ರು, ಕೆಲವು ಪುಟದಾಗ ಒಂದೇ ಸಾಲು, ಕೆಲವು ತಿಂಗಳು ಬರೀ ಗೆರೆ ಎಳೆದಿತ್ತು, ಗೆರೆ ಅಂದ್ರ ಬರ್ಲಿಲ್ಲ ಅಂತ. ಇಲಾಖೆ ದಾಖಲೆಯಾಗ ಅದೇ ತಿಂಗಳು ನೀರು ಬಿಟ್ಟಿದ್ದೈತಿ. ಎರಡನ್ನೂ ಪಕ್ಕಪಕ್ಕ ಇಟ್ಟಾಗ ನನ್ನ ಮೂರನೇ ಅಧ್ಯಾಯ ತಾನೇ ನಿಂತ್ಕೊಂತು. ಅವರ ಅನುಮತಿ ಬರವಣಿಗೆಯಾಗ ತಗೊಂಡು, ಹೆಸರು ಬದಲಿಸಿ ಬಳಸಿದೆ. ಫೀಲ್ಡಿಗೆ ಪ್ರಶ್ನಾವಳಿ ಹಿಡ್ಕೊಂಡು ಹೋಗಿ ಟಿಕ್ ಹಾಕಿಸ್ಕೊಂಡು ಬಂದಿದ್ರ ಆ ನೋಟ್‌ಬುಕ್ ನನಗ ಎಂದೂ ಕಾಣ್ತಿರ್ಲಿಲ್ಲ. ಅದಕ್ಕ ಹೇಳ್ತೀನಿ, ಒಂದೇ ಹಳ್ಳಿಗೆ ಮೂರು ನಾಲ್ಕು ಸಲ ಹೋಗ್ರಿ, ಮೊದಲನೇ ಸಲ ಏನೂ ಕೇಳಬ್ಯಾಡ್ರಿ.

ದಾಖಲೆ ಎಲ್ಲಿ ಸಿಗ್ತಾವ ಅಂದ್ರ, ರಾಯಚೂರು ಕೊಪ್ಪಳದ ನಿಜಾಮ್ ಕಾಲದ ಕಾಗದ ಹೈದರಾಬಾದಿನ ತಾರ್ನಾಕದಾಗಿರೋ ತೆಲಂಗಾಣ ರಾಜ್ಯ ಪತ್ರಾಗಾರದಾಗ, ಭಾಳಷ್ಟು ಉರ್ದು, ಫಾರ್ಸಿ. ಬಳ್ಳಾರಿಯ ಹಳೇ ಕಂದಾಯ ದಾಖಲೆ ಚೆನ್ನೈ ಎಗ್ಮೋರಿನ ತಮಿಳುನಾಡು ಪತ್ರಾಗಾರದಾಗ, ಇಂಗ್ಲಿಷಿನ್ಯಾಗ. ನಮ್ಮ ರಾಯಚೂರಿನ್ಯಾಗ ಉರ್ದು ಓದೋರು ಓಣಿಗೊಬ್ಬರು ಸಿಗ್ತಾರ, ಒಬ್ಬರು ನಿವೃತ್ತ ಮೇಷ್ಟ್ರನ್ನ ಹಿಡಿದು ಆರು ತಿಂಗಳು ಕಲಿತ್ರ ಬ್ಯಾರೆ ಯಾರಿಗೂ ಇಲ್ದ ಕೀಲಿಕೈ ನಿಮ್ಮ ಕೈಗೆ ಬರ್ತೈತಿ.

ಬೂತ್ ಲೆಕ್ಕದ ಮತ ಬೇಕಾದ್ರ ಚುನಾವಣಾಧಿಕಾರಿಗಳ ವೆಬ್‌ಸೈಟಿನ ಫಾರಂ 20 ನೋಡ್ರಿ. ಬೆಳೆ ಯಾವ ಭಾಗದಾಗ ಎಷ್ಟು ಅಂತ ನೋಡಾಕ ಇಸ್ರೋದ ಭುವನ್, ಸೆಂಟಿನೆಲ್ ಉಪಗ್ರಹ ಚಿತ್ರ ಪುಕ್ಕಟೆ. ಇಲಾಖೆ ಕಾಗದಕ್ಕ ಮಾಹಿತಿ ಹಕ್ಕು ಅರ್ಜಿ, 10 ರೂಪಾಯಿ ಪೋಸ್ಟಲ್ ಆರ್ಡರ್, ನಮ್ಮ ರಾಜ್ಯದ ನಿಯಮದಾಗ ಒಂದು ಅರ್ಜಿಗೆ ಒಂದೇ ವಿಷಯ, 150 ಪದ ಮೀರಂಗಿಲ್ಲ, 30 ದಿನದಾಗ ಉತ್ತರ ಕೊಡ್ಬೇಕು, ಕೊಡ್ಲಿಲ್ಲಂದ್ರ ಮೇಲ್ಮನವಿ. ದೊಡ್ಡ ಅರ್ಜಿ ಬರೆದ್ರ ವಾಪಸ್ ಬರ್ತೈತಿ, ಸಣ್ಣ ಸಣ್ಣವು ನಾಲ್ಕು ಹಾಕ್ರಿ.

ರೊಕ್ಕ ಮತ್ತು ವರ್ಷಗಳು

ಜೆಆರ್‌ಎಫ್ ಮೊದಲ ಎರಡು ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, 2023ರ ಜನವರಿಯಿಂದ. ಜೆಆರ್‌ಎಫ್‌ಗೆ ವಯಸ್ಸು 30, ಹೆಣ್ಣುಮಕ್ಕಳಿಗೆ ಮತ್ತು ಮೀಸಲಾತಿಯೋರಿಗೆ 5 ವರ್ಷ ಸಡಿಲ. ಅದು ಆಗ್ಲಿಲ್ಲಂದ್ರ ಐಸಿಎಸ್‌ಎಸ್‌ಆರ್ (ಭಾರತೀಯ ಸಮಾಜವಿಜ್ಞಾನ ಸಂಶೋಧನಾ ಮಂಡಳಿ) ಡಾಕ್ಟರಲ್ ಫೆಲೋಶಿಪ್, ಎಸ್ಸಿ ಎಸ್ಟಿ ಒಬಿಸಿ ರಾಷ್ಟ್ರೀಯ ಫೆಲೋಶಿಪ್, ರಾಜ್ಯದ ಸಮಾಜ ಕಲ್ಯಾಣ, ಹಿಂದುಳಿದ ವರ್ಗ, ಅಲ್ಪಸಂಖ್ಯಾತರ ಇಲಾಖೆಗಳ ಸಹಾಯಧನ ಅದಾವ. ಇಲಾಖೆ ರೊಕ್ಕ ತಡವಾಗಿ ಬರ್ತೈತಿ, ಆರು ತಿಂಗಳ ಖರ್ಚು ಕೈಯಾಗ ಇಟ್ಕೊಂಡು ಶುರು ಮಾಡ್ರಿ.

ಪಿಎಚ್‌ಡಿ ಕನಿಷ್ಠ 3 ವರ್ಷ, ಗರಿಷ್ಠ 6. ಮರುನೋಂದಣಿ ಮಾಡಿಸಿದ್ರ ಇನ್ನೆರಡು ವರ್ಷ, ಒಟ್ಟು 8. ಹೆಣ್ಣುಮಕ್ಕಳಿಗೂ 40%ಗಿಂತ ಹೆಚ್ಚು ಅಂಗವೈಕಲ್ಯ ಇರೋರಿಗೂ ಮತ್ತೆರಡು, ಒಟ್ಟು 10. ಹೆರಿಗೆ, ಮಗು ಪಾಲನೆಗೆ 240 ದಿನ ರಜೆ ಐತಿ. ಮದುವಿ ಆಗಿ ಊರು ಬಿಟ್ರ ಅಲ್ಲಿ ತನಕ ಮಾಡಿದ ಸಂಶೋಧನೆನ ಬ್ಯಾರೆ ಯೂನಿವರ್ಸಿಟಿಗೆ ವರ್ಗ ಮಾಡಿಸ್ಕೋಬಹುದು, ಇದು ನಮ್ ಕಡೆ ಎಷ್ಟೋ ಹುಡುಗಿಯರಿಗೆ ಗೊತ್ತೇ ಇಲ್ಲ, ಮದುವಿ ಆಯ್ತು ಅಂತ ಅರ್ಧಕ್ಕ ಬಿಟ್ಟೋರನ್ನ ನಾ ಕಣ್ಣಾರೆ ನೋಡೀನಿ. ನಿಮ್ಮ ಅಕ್ಕ ತಂಗಿಗೆ, ಗೆಳತಿಗೆ ಹೇಳ್ರಿ.

ಪ್ರತಿ ಸೆಮಿಸ್ಟರ್ ಸಂಶೋಧನಾ ಸಲಹಾ ಸಮಿತಿ ಮುಂದ ಪ್ರಗತಿ ಹೇಳ್ಬೇಕು. ಇದನ್ನ ಸಹಿ ಮಾಡಿಸೋ ಕೆಲಸ ಅಂದ್ಕೋಬ್ಯಾಡ್ರಿ, ಪ್ರತಿ ಸಲ ಒಂದು ಅಧ್ಯಾಯದ ಕರಡು ತಗೊಂಡು ಹೋಗ್ರಿ.

ಥೀಸಿಸ್, ಕೃತಿಚೌರ್ಯ ತಪಾಸಣೆ, ವೈವಾ

ಕನ್ನಡದಾಗ ಬರೆಯೋರು ಮೊದಲ ದಿನದಿಂದ ಯೂನಿಕೋಡಿನ್ಯಾಗ ಟೈಪ್ ಮಾಡ್ರಿ. ನಾ ಹಳೇ ನುಡಿ ಫಾಂಟಿನ್ಯಾಗ ಮುನ್ನೂರು ಪುಟ ಟೈಪ್ ಮಾಡಿ ಕೊನೆಗೆ ಪರಿವರ್ತನೆ ಮಾಡಿದಾಗ ಅರ್ಕಾವತ್ತು ಎಲ್ಲಾ ಜಾಗ ಬಿಟ್ಟು ಹೋಗಿದ್ವು, ಒತ್ತಕ್ಷರ ಒಡೆದಿದ್ವು, ಒಂದೊಂದು ಸಾಲು ನೋಡಿ ತಿದ್ದಾಕ ಎರಡು ತಿಂಗಳು ಹಿಡೀತು. ಹಳೇ ಫಾಂಟನ್ನ ತಪಾಸಣೆ ಸಾಫ್ಟ್‌ವೇರ್ ಓದಂಗಿಲ್ಲ ಅಂತ ಲೈಬ್ರರಿಯೋರು ವಾಪಸ್ ಕಳಿಸಿದ್ರು. ಉಲ್ಲೇಖಗಳಿಗೆ ಜೊಟೆರೊ ಅಂತ ಪುಕ್ಕಟೆ ಸಾಫ್ಟ್‌ವೇರ್ ಐತಿ, ಮೊದಲನೇ ವರ್ಷನ ಕಲೀರಿ.

2018ರ ಯುಜಿಸಿ ನಿಯಮದಾಗ ಹೋಲಿಕೆ 10% ತನಕ ತೊಂದರೆ ಇಲ್ಲ. 10ರಿಂದ 40 ಆದ್ರ ಆರು ತಿಂಗಳೊಳಗ ತಿದ್ದಿ ಕೊಡ್ಬೇಕು, 40ರಿಂದ 60 ಆದ್ರ ಒಂದು ವರ್ಷ ಸಲ್ಲಿಸಂಗಿಲ್ಲ, 60 ದಾಟಿದ್ರ ನೋಂದಣಿನೇ ರದ್ದು. ಎರಡು ಶಾಸ್ತ್ರದ ಥೀಸಿಸಿನ್ಯಾಗ ಎರಡನೇ ಶಾಸ್ತ್ರದ ಭಾಗನೇ ಹೆಚ್ಚು ಸಿಕ್ಕಿಬೀಳೋದು, ಯಾಕಂದ್ರ ಅದು ನಮಗ ಹೊಸದು, ಪೂರ್ತಿ ತಿಳೀದೆ ಪುಸ್ತಕದ ಸಾಲನ್ನ ಹಂಗೇ ಇಳಿಸಿರ್ತೀವಿ. ತಿಳಿದದ್ದನ್ನ ನಿಮ್ಮ ಅವ್ವಗ ಹೇಳ್ದಂಗ ಬರೆದು ನೋಡ್ರಿ, ಬರೀಲಿಕ್ಕೆ ಆಗ್ಲಿಲ್ಲಂದ್ರ ಇನ್ನೂ ಓದ್ಬೇಕು ಅಂತ ಅರ್ಥ.

2016ರ ನಿಯಮದಾಗಿದ್ದ ಲೇಖನ ಪ್ರಕಟಣೆ ಕಡ್ಡಾಯ 2022ರದ್ದರಾಗ ಇಲ್ಲ, ಆದ್ರ ಯೂನಿವರ್ಸಿಟಿಗಳು ತಮ್ಮ ನಿಯಮದಾಗ ಕೇಳಬಹುದು, ನಿಮ್ಮ ಯೂನಿವರ್ಸಿಟಿ ಆರ್ಡಿನೆನ್ಸ್ ಪ್ರಿಂಟ್ ತೆಗೆದು ಓದ್ರಿ. ರೊಕ್ಕ ಕೊಟ್ರ ಮೂರು ದಿನದಾಗ ಹಾಕೋ ಜರ್ನಲ್‌ಗಳ ಹತ್ರ ಹೋಗಬ್ಯಾಡ್ರಿ.

ಸಲ್ಲಿಸೋ ಮುಂಚೆ ಸಲಹಾ ಸಮಿತಿ ಮುಂದ ಒಂದು ಮಂಡನೆ, ವಿಭಾಗದೋರು, ಉಳಿದ ಸಂಶೋಧಕರು ಎಲ್ಲಾ ಬಂದು ಕೇಳಬಹುದು. ಥೀಸಿಸ್ ಕೊಟ್ಟ ಮ್ಯಾಲೆ ಗೈಡ್ ಜೊತಿಗೆ ಹೊರಗಿನ ಇಬ್ಬರು ಪರೀಕ್ಷಕರು ಓದ್ತಾರ, ಎರಡೂ ವರದಿ ಸರಿ ಬಂದ್ರ ವೈವಾ. ಹೊರಗಿನ ಪರೀಕ್ಷಕರ ಪಟ್ಟಿ ಮಾಡೋದು ಗೈಡ್ ಕೆಲಸ, ಆದ್ರ ಇಬ್ಬರಾಗ ಒಬ್ಬರಿಗಾದ್ರೂ ಎರಡನೇ ಶಾಸ್ತ್ರದ ಪರಿಚಯ ಇರ್ಲಿ ಅಂತ ಮೊದಲೇ ವಿನಂತಿ ಮಾಡ್ಕೋರಿ, ಇಲ್ಲಾಂದ್ರ ನಿಮ್ಮ ಅರ್ಧ ಕೆಲಸ ಓದೋರೇ ಇರಂಗಿಲ್ಲ. ಥೀಸಿಸ್ ಕೊಟ್ಟು ಆರು ತಿಂಗಳೊಳಗ ಇದೆಲ್ಲಾ ಮುಗೀಬೇಕಂತ ನಿಯಮ ಐತಿ, ತಡ ಆದ್ರ ವಿನಯದಿಂದ ಬರವಣಿಗೆಯಾಗ ಕೇಳ್ರಿ, ಪ್ರತಿ ಅರ್ಜಿಗೂ ಸ್ವೀಕೃತಿ ಸೀಲು ಹಾಕಿಸ್ಕೋರಿ.

ವೈವಾ ಬಾಗಿಲು ತೆರೆದು ನಡೆಯೋ ಸಭೆ. ನನ್ನ ವೈವಾಕ್ಕ ಆ ನೋಟ್‌ಬುಕ್ಕಿನ ಹಿರಿಯರು ಸಿರವಾರದಿಂದ ಬಸ್ಸಿನ್ಯಾಗ ಬಂದು ಹಿಂದ ಕುಂತಿದ್ರು. ಪರೀಕ್ಷಕರು ಕೇಳಿದ ಕಡೇ ಪ್ರಶ್ನೆ, ಇಂಜಿನಿಯರಿಂಗ್ ಅಂಕಿ ತೆಗೆದುಹಾಕಿದ್ರ ನಿನ್ನ ವಾದ ನಿಲ್ತೈತೇನು ಅಂತ. ನಿಲ್ಲಂಗಿಲ್ರೀ ಸರ್ ಅಂದೆ, ಮೂರನೇ ಅಧ್ಯಾಯ ತೆಗೆದು ತೋರಿಸಿದೆ.

ಆಮೇಲೆ ಉಳಿಯೋದು ಸಾಫ್ಟ್ ಕಾಪಿನ ಶೋಧಗಂಗಾಕ್ಕ ಕೊಡೋದು, ಅಧಿಸೂಚನೆ ಕಾಯೋದು. ಪ್ರೊವಿಶನಲ್ ಸರ್ಟಿಫಿಕೇಟ್ ಕೈಗೆ ಬಂದಾಗ ಕೌಂಟರ್ ಮುಂದೇ ನಿಂತು ಓದ್ರಿ, ಹೆಸರಿನ ಅಕ್ಷರ ಎಸ್ಸೆಸ್ಸೆಲ್ಸಿ ಕಾರ್ಡಿನಂಗ ಐತೇನು, ಸಬ್ಜೆಕ್ಟ್ ಜಾಗದಾಗ ರಾಜ್ಯಶಾಸ್ತ್ರ ಅಂತ ಐತೇನು, ಯಾವ ಯುಜಿಸಿ ನಿಯಮದ ಪ್ರಕಾರ ಪದವಿ ಕೊಟ್ಟಾರ ಅಂತ ಬರೆದಾರೇನು. ತಪ್ಪಿದ್ರ ಅವತ್ತೇ ಅರ್ಜಿ ಬರೆದು ಕೊಟ್ಟು ಬರ್ರಿ.